ಡೆತ್ ಮ್ಯಾಗ್ನೆಟಿಕ್ ಪ್ರಕರಣ: ಸಿಡಿಗಿಂತ ವಿಡಿಯೋ ಗೇಮಲ್ಲೇ ಆಲ್ಬಮ್ ಚೆನ್ನಾಗಿ ಕೇಳಿಸಿದ್ದು ಯಾಕೆ?

2008ರ ಸೆಪ್ಟೆಂಬರ್ 12ಕ್ಕೆ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಡೆತ್ ಮ್ಯಾಗ್ನೆಟಿಕ್ ಆಲ್ಬಮ್ ರಿಲೀಸ್ ಆಯ್ತು. ಅದಕ್ಕೆ ಮುಂಚಿನ ಆಲ್ಬಮ್ 2003ರದ್ದು, ಅದ್ರಲ್ಲಿ ಗಿಟಾರ್ ಸೋಲೋನೇ ಇರ್ಲಿಲ್ಲ, ಸ್ನೇರ್ ಡ್ರಮ್ಮಂತೂ ಡಬ್ಬ ಬಡಿದಂಗಿತ್ತು ಅಂತ ಫ್ಯಾನ್ಸ್ ಐದು ವರ್ಷ ಬೈಕೊಂಡೇ ಇದ್ರು, ಹಂಗಾಗಿ ಈ ಸಲ ಪ್ರೊಡ್ಯೂಸರ್ ರಿಕ್ ರೂಬಿನ್ ಬಂದಿದಾರೆ, ಎಂಬತ್ತರ ದಶಕದ ಮೆಟಾಲಿಕಾ ವಾಪಸ್ ಬರುತ್ತೆ ಅಂತ ದೊಡ್ಡ ನಿರೀಕ್ಷೆ ಇತ್ತು. ಹಾಡುಗಳ ಮಟ್ಟಿಗೆ ಆ ನಿರೀಕ್ಷೆ ಬಹುಪಾಲು ನಿಜಾನೂ ಆಯ್ತು, ಉದ್ದುದ್ದ ಹಾಡು, ಸೋಲೋಗಳು, ಒಳ್ಳೇ ರಿಫ್‌ಗಳು ಎಲ್ಲಾ ಇದ್ವು. ಆದ್ರೆ ಸಿಡಿ ಹಾಕಿ ಒಳ್ಳೇ ಹೆಡ್‌ಫೋನಲ್ಲಿ ಕೇಳಿದವರಿಗೆ ಎರಡು ಮೂರು ಹಾಡು ಆಗೋಷ್ಟರಲ್ಲಿ ಕಿವಿ ಸುಸ್ತಾಗ್ತಿತ್ತು, ಡ್ರಮ್ ಬಿದ್ದಾಗೆಲ್ಲ ಪರಪರ ಅಂತ ಹರಿದ ಸ್ಪೀಕರ್ ಥರ ಸದ್ದು.

ಜೋರಾಗಿ ಮಾಡೋಕೆ ಹೋಗಿ ಕೆಟ್ಟ ರೆಕಾರ್ಡಿಂಗ್ ಇದೊಂದೇ ಏನಲ್ಲ, ನೂರಾರು ಇವೆ. ಆದ್ರೂ ನಾನು ಇದನ್ನೇ ಎತ್ಕೊಂಡಿದ್ದಕ್ಕೆ ಒಂದು ಕಾರಣ ಇದೆ. ಬೇರೆ ಆಲ್ಬಮ್‌ಗಳಲ್ಲಿ "ಇಷ್ಟು ಒತ್ತದೇ ಇದ್ದಿದ್ರೆ ಹೆಂಗಿರ್ತಿತ್ತು" ಅನ್ನೋದು ಬರೀ ಊಹೆ (ಒತ್ತೋದು ಅಂದ್ರೆ ಜೋರಿನ ತುದಿಗಳನ್ನ ತಗ್ಗಿಸಿ ಮಿಕ್ಕಿದ್ದನ್ನ ಮೇಲಕ್ಕೆ ಎತ್ತೋದು). ಇಲ್ಲಿ ಮಾತ್ರ ಆಕಸ್ಮಿಕವಾಗಿ ಒತ್ತದೇ ಇರೋ ಇನ್ನೊಂದು ರೂಪ ಅದೇ ದಿನ ಹೊರಗೆ ಬಂದ್ಬಿಡ್ತು. ಅದೇ ಕೈ, ಅದೇ ಟೇಕ್, ಎರಡು ರೂಪ. ಲ್ಯಾಬಲ್ಲಿ ಕೂತು ಪ್ಲಾನ್ ಮಾಡಿದ್ರೂ ಇಂಥ ಹೋಲಿಕೆ ಸಿಗೋದು ಕಷ್ಟ.

ಮೊದಲು ಈ ಜೋರು ಮಾಡೋ ಹುಚ್ಚು ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳ್ಬಿಡ್ತೀನಿ. ಒಂದೇ ಹಾಡನ್ನ ಸ್ವಲ್ಪ ಮೆಲ್ಲಗೆ ಒಂದ್ಸಲ, ಸ್ವಲ್ಪ ಜೋರಾಗಿ ಒಂದ್ಸಲ ಕೇಳಿಸಿದ್ರೆ ಹೆಚ್ಚಿನ ಜನ ಜೋರಾಗಿರೋದೇ ಚೆನ್ನಾಗಿದೆ ಅಂತಾರೆ, ಜೋರು ಅನ್ನೋದು ಗೊತ್ತಾಗದಷ್ಟು ಸಣ್ಣ ವ್ಯತ್ಯಾಸ ಇದ್ರೂ ಸರಿ. ಕಿವಿ ಇರೋದೇ ಹಂಗೆ, ಶಬ್ದ ಕಮ್ಮಿ ಇದ್ದಾಗ ಬೇಸ್ ಮತ್ತೆ ತೀರಾ ಮೇಲಿನ ಸ್ವರಗಳು ನಮಗೆ ಸರಿಯಾಗಿ ಕೇಳ್ಸಲ್ಲ, ಶಬ್ದ ಏರಿಸಿದ್ರೆ ತುಂಬ್ಕೊಂಡು ಕೇಳ್ಸುತ್ತೆ, ಇದನ್ನ ಫ್ಲೆಚರ್ ಮತ್ತೆ ಮನ್ಸನ್ 1933ರಲ್ಲೇ ಅಳೆದು ತೋರ್ಸಿದ್ರು. ಜೂಕ್‌ಬಾಕ್ಸ್ ಕಾಲದಲ್ಲೂ ನಮ್ಮ ರೆಕಾರ್ಡ್ ಪಕ್ಕದ ರೆಕಾರ್ಡ್‌ಗಿಂತ ಜೋರಾಗಿರಲಿ ಅನ್ನೋ ಪೈಪೋಟಿ ಇತ್ತು, ಆದ್ರೆ ವಿನೈಲಲ್ಲಿ (ಸೂಜಿ ಇಟ್ಟು ಕೇಳೋ ಪ್ಲಾಸ್ಟಿಕ್ ತಟ್ಟೆ) ತೀರಾ ಜೋರು ಮಾಡಿದ್ರೆ ಗ್ರೂವ್ ಅಗಲ ಆಗಿ ಸೂಜಿ ಹಾರ್ತಿತ್ತು, ಹಾಡು ಹಿಡಿಸೋ ಜಾಗಾನೂ ಕಮ್ಮಿ ಆಗ್ತಿತ್ತು. ಹಂಗಾಗಿ ವಸ್ತುವೇ ಒಂದು ಲಗಾಮು ಹಾಕಿತ್ತು.

ಸಿಡಿಯಲ್ಲಿ ಆ ಲಗಾಮು ಹೋಯ್ತು. 16 ಬಿಟ್ಟಿನ ಸಿಡಿಯಲ್ಲಿ ಅತಿ ಮೆಲ್ಲಗಿನ ಶಬ್ದಕ್ಕೂ ಅತಿ ಜೋರಿನದಕ್ಕೂ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತೆ, ಮೇಲೊಂದು ಗಟ್ಟಿ ಮಿತಿ ಇದೆ, ಅದನ್ನ ಸೊನ್ನೆ ಅಂತ ಕರೀತಾರೆ, ಅದರಾಚೆ ನಂಬರೇ ಇಲ್ಲ. ಪೀಕನ್ನ, ಅಂದ್ರೆ ಅಲೆಯ ಅತಿ ಎತ್ತರದ ತುದಿಯನ್ನ, ಸೊನ್ನೆ ದಾಟ್ಸೋಕೆ ಆಗಲ್ಲ ಅಂದಾಗ ಜೋರು ಮಾಡೋಕೆ ಉಳಿಯೋದು ಒಂದೇ ದಾರಿ, ಪೀಕುಗಳನ್ನ ಕೆಳಗೆ ಒತ್ತಿ ಮಿಕ್ಕಿದ್ದೆಲ್ಲ ಮೇಲಕ್ಕೆ ಎತ್ತೋದು. 1994ರಲ್ಲಿ ವೇವ್ಸ್ ಕಂಪನಿಯ ಎಲ್1 ಅನ್ನೋ ಲಿಮಿಟರ್ (ಪೀಕು ಒಂದು ಮಿತಿ ದಾಟದಂಗೆ ತಡೆಯೋ ಸಾಫ್ಟ್‌ವೇರ್) ಬಂದ್ಮೇಲಂತೂ ಇದು ಒಂದು ಸ್ಲೈಡರ್ ಎಳೆಯೋ ಕೆಲಸ ಆಯ್ತು. (ಈ ಒತ್ತೋದಕ್ಕೆ ಕಂಪ್ರೆಶನ್ ಅಂತಾರೆ, ಅಂದ್ರೆ ಜೋರು-ಮೆಲ್ಲಗಿನ ಅಂತರ ಕಮ್ಮಿ ಮಾಡೋದು, ಎಂಪಿ3 ಮಾಡಿ ಫೈಲ್ ಸೈಜ್ ಇಳಿಸೋದು ಬೇರೆ ವಿಷಯ, ಎರಡನ್ನೂ ಕಲಸ್ಕೊಂಡು ಜಗಳ ಆಡೋರು ಈಗ್ಲೂ ಇದಾರೆ.) 1999ರಲ್ಲಿ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ಬ್ಯಾಂಡಿನ ಕ್ಯಾಲಿಫೋರ್ನಿಕೇಶನ್ ಆಲ್ಬಮ್ ಬರೋ ಹೊತ್ತಿಗೆ ಸಿಡಿಗಳಲ್ಲಿ ಕಿವಿಗೇ ಗೊತ್ತಾಗೋ ಡಿಸ್ಟಾರ್ಶನ್ (ಸದ್ದು ಹರಿದಂಗೆ ಕೆಡೋದು) ಶುರುವಾಗಿತ್ತು, ಅದರ ಪ್ರೊಡ್ಯೂಸರ್ ಕೂಡ ರಿಕ್ ರೂಬಿನ್ನೇ.

ಗೇಮ್ ವಿಷಯಕ್ಕೆ ಬರೋಣ

ಡೆತ್ ಮ್ಯಾಗ್ನೆಟಿಕ್ ಅಂಗಡಿಗೆ ಬಂದ ದಿನಾನೇ ಗಿಟಾರ್ ಹೀರೋ 3 ಅನ್ನೋ ಗೇಮಿಗೆ ಇಡೀ ಆಲ್ಬಮ್ ಡೌನ್‌ಲೋಡ್ ರೂಪದಲ್ಲಿ ಬಂತು. ಆ ಗೇಮ್ ಆಡಿಲ್ಲದವರಿಗೆ ಹೇಳೋದಾದ್ರೆ, ಕೈಲೊಂದು ಪ್ಲಾಸ್ಟಿಕ್ ಗಿಟಾರ್, ಸ್ಕ್ರೀನ್ ಮೇಲೆ ಬಣ್ಣದ ಬಟನ್ ಹರ್ಕೊಂಡು ಬರುತ್ತೆ, ಸರಿಯಾಗಿ ಒತ್ತಿದ್ರೆ ಗಿಟಾರ್ ಕೇಳ್ಸುತ್ತೆ, ತಪ್ಪಿದ್ರೆ ಗಿಟಾರ್ ಮಾತ್ರ ಮಾಯ, ಡ್ರಮ್ಮು ಹಾಡುಗಾರಿಕೆ ಎಲ್ಲಾ ನಡೀತಾನೇ ಇರುತ್ತೆ. ಹಿಂಗೆ ಆಗ್ಬೇಕಾದ್ರೆ ಗೇಮ್ ಮಾಡೋರಿಗೆ ಮುಗಿದ ಸ್ಟೀರಿಯೋ ಹಾಡು ಕೊಟ್ರೆ ಪ್ರಯೋಜನ ಇಲ್ಲ, ಗಿಟಾರ್ ಬೇರೆ, ಬೇಸ್ ಬೇರೆ, ಡ್ರಮ್ ಬೇರೆ ಅಂತ ಬಿಡಿ ಬಿಡಿ ಟ್ರ್ಯಾಕೇ ಬೇಕು. ಆ ಬಿಡಿ ಟ್ರ್ಯಾಕ್‌ಗಳು ಹೋಗಿದ್ದು ಸಿಡಿಗೆ ಹಾಕಿದ ಕೊನೇ ಹಂತದ ಒತ್ತುವಿಕೆ ಬೀಳೋಕೆ ಮುಂಚೆ. ಯಾರೂ ಬೇಕು ಅಂತ ಮಾಡಿದ್ದಲ್ಲ, ಗೇಮಿನ ಕೆಲಸದ ರೀತಿಯೇ ಹಂಗಿತ್ತು ಅಷ್ಟೇ.

ಫ್ಯಾನ್ಸ್ ಗೇಮಿಂದ ಆಡಿಯೋ ತೆಗೆದು ಸಿಡಿ ಪಕ್ಕ ಇಟ್ಟು ನೋಡಿದ್ರು. ಸಿಡಿಯ ವೇವ್‌ಫಾರ್ಮ್ (ಶಬ್ದದ ಅಲೆಯ ಚಿತ್ರ) ಶುರುವಿಂದ ಕೊನೇ ತನಕ ಒಂದೇ ಎತ್ತರದ ಗೋಡೆ, ಗೇಮಿಂದರಲ್ಲಿ ಡ್ರಮ್ ಏಟುಗಳು ಮುಳ್ಳಿನ ಥರ ಎದ್ದು ಕಾಣ್ತಿದ್ವು. ಇಂಗ್ಲೆಂಡಿನ ಮಾಸ್ಟರಿಂಗ್ ಎಂಜಿನಿಯರ್ (ಮುಗಿದ ಹಾಡನ್ನ ಬಿಡುಗಡೆಗೆ ಕೊನೇದಾಗಿ ಸಿದ್ಧ ಮಾಡೋರು) ಇಯಾನ್ ಶೆಫರ್ಡ್ ಇದರ ಬಗ್ಗೆ ಬರೆದ್ಮೇಲೆ ಸುದ್ದಿ ಎಲ್ಲಾ ಕಡೆ ಹಬ್ತು, ವಾಲ್ ಸ್ಟ್ರೀಟ್ ಜರ್ನಲ್ಲೂ ಆ ತಿಂಗಳಲ್ಲೇ ಬರೀತು. ಶೇರು ಮಾರ್ಕೆಟ್ ಪೇಪರಲ್ಲಿ ಲಿಮಿಟರ್ ಬಗ್ಗೆ ಸುದ್ದಿ ಬರುತ್ತೆ ಅಂತ ಯಾವ ಸೌಂಡ್ ಎಂಜಿನಿಯರ್ ಕನಸಲ್ಲೂ ಅಂದ್ಕೊಂಡಿರ್ಲಿಕ್ಕಿಲ್ಲ.

ಅಳತೆ ಹೇಳ್ಬೇಕು ಅಂದ್ರೆ, ಡಿಆರ್ ಮೀಟರ್ ಅಂತ ಒಂದಿದೆ, ಅದು ಹಾಡಿನ ಅತಿ ಜೋರಾದ ಶೇಕಡ 20 ಭಾಗದ ಸರಾಸರಿ ಮಟ್ಟಕ್ಕೂ ಪೀಕಿಗೂ ಎಷ್ಟು ಡೆಸಿಬೆಲ್ ಅಂತರ ಇದೆ ಅಂತ ನೋಡುತ್ತೆ. ಮೆಟಾಲಿಕಾದ್ದೇ ಎಂಬತ್ತರ ದಶಕದ ಮೂಲ ಸಿಡಿಗಳು 11-12ರ ಆಸುಪಾಸು ಬರ್ತವೆ. ಡೆತ್ ಮ್ಯಾಗ್ನೆಟಿಕ್ ಸಿಡಿ 3. ಗೇಮ್ ರೂಪ ಮತ್ತೆ ಹತ್ತರ ಮೇಲೆ. ಆರು ಡೆಸಿಬೆಲ್ ಏರಿದ್ರೆ ಅಲೆಯ ಎತ್ತರ ಎರಡು ಪಟ್ಟು ಆಗುತ್ತೆ ಅನ್ನೋದು ಗೊತ್ತಿದ್ರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಅರ್ಥ ಆಗುತ್ತೆ.

ಒತ್ತಿದಾಗ ನಿಜವಾಗಿ ಹೋಗೋದು ಏನು

ಜನ ಇಲ್ಲಿ ಸಾಮಾನ್ಯವಾಗಿ "ಮೆಲ್ಲಗಿನ ಭಾಗ ಜೋರಾಯ್ತು, ಅಷ್ಟೇ ತಾನೇ" ಅಂತಾರೆ. ಅದೂ ಇದೆ, ಆದ್ರೆ ಹೆವಿ ಮೆಟಲಲ್ಲಿ ಮೆಲ್ಲಗಿನ ಭಾಗನೇ ಕಮ್ಮಿ, ಅಲ್ಲಿ ದೊಡ್ಡ ನಷ್ಟ ಬೇರೆ. ತಮಟೆ, ಚಂಡೆ, ಸ್ನೇರ್ ಡ್ರಮ್ ಯಾವುದಾದ್ರೂ ತಗೊಳ್ಳಿ, ಏಟಲ್ಲಿ ಎರಡು ಭಾಗ ಇರುತ್ತೆ. ಕೋಲು ಚರ್ಮಕ್ಕೆ ತಗಲಿದ ಮೊದಲ ಕೆಲವು ಮಿಲಿಸೆಕೆಂಡಿನ ಚಟ್ ಅನ್ನೋ ಸದ್ದು, ಆಮೇಲೆ ಚರ್ಮ ಮತ್ತೆ ಒಳಗಿನ ಗಾಳಿ ಗುಂಯ್ ಅನ್ನೋದು. ಆ ಮೊದಲ ಚಟ್ ತುಂಬ ಎತ್ತರಕ್ಕೆ ಹೋಗುತ್ತೆ ಆದ್ರೆ ಇರೋದು ಕ್ಷಣಮಾತ್ರ, ಹಂಗಾಗಿ ನಮಗೆ ಅದು "ಜೋರು" ಅಂತ ಅನ್ಸಲ್ಲ, "ಹೊಡೆತ ಬಿತ್ತು" ಅಂತ ಅನ್ಸುತ್ತೆ, ಎದೆಗೆ ತಾಕೋದು ಅದೇ. ಲಿಮಿಟರ್ ಮೊದಲು ಕತ್ತರಿಸೋದೂ ಅದನ್ನೇ, ಯಾಕಂದ್ರೆ ದಾರಿಗೆ ಅಡ್ಡ ಇರೋ ಪೀಕೇ ಅದು. ಕತ್ತರಿಸಿ ಮಿಕ್ಕಿದ್ದನ್ನ ಎತ್ತಿದ್ರೆ ಗುಂಯ್ ದೊಡ್ಡದಾಗುತ್ತೆ, ಚಟ್ ಹೋಗುತ್ತೆ, ಡ್ರಮ್ಮು ಗಿಟಾರ್ ಗೋಡೆಯ ಒಳಗೆ ಸೇರ್ಕೊಂಡು ಹೊಡೆತದ ಬದ್ಲು ಒಂದು ಉಬ್ಬು ಥರ ಕೇಳ್ಸುತ್ತೆ. ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಕ್ ಎಷ್ಟೇ ಜೋರಾಗಿ ಬಾರ್ಸಿದ್ರೂ ನಮಗೆ ಸಿಗೋದು ಆ ಉಬ್ಬೇ.

ಇನ್ನೂ ಒತ್ತಿದ್ರೆ ಕ್ಲಿಪ್ಪಿಂಗ್. ಅಲೆಯ ದುಂಡನೆಯ ತುದಿ ಚಪ್ಪಟೆ ಆಗುತ್ತೆ, ಚಪ್ಪಟೆ ಆದ ತಕ್ಷಣ ಮೂಲದಲ್ಲಿ ಇಲ್ಲದೇ ಇರೋ ಹೊಸ ಹೊಸ ಮೇಲಿನ ಕಂಪನಗಳು ಹುಟ್ಕೋತವೆ, ನಾನು ಮೊದಲು ಹೇಳಿದ ಪರಪರ ಅದೇ. ಗಿಟಾರ್ ಆಂಪಲ್ಲೂ ಡಿಸ್ಟಾರ್ಶನ್ ಇರುತ್ತಲ್ಲ ಅಂತ ಕೇಳ್ಬಹುದು, ಇರುತ್ತೆ, ಆದ್ರೆ ಅದು ಗಿಟಾರಿಗೆ ಮಾತ್ರ ಅಂತ ಆರಿಸ್ಕೊಂಡಿದ್ದು. ಇಲ್ಲಿ ಇಡೀ ಮಿಕ್ಸ್ (ಎಲ್ಲಾ ವಾದ್ಯ, ದನಿ ಸೇರಿಸಿದ ಹಾಡು) ಕ್ಲಿಪ್ ಆಗೋದ್ರಿಂದ ಕಿಕ್ ಡ್ರಮ್ ಬಿದ್ದಾಗ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ದನಿಯೂ ಅದ್ರ ಜೊತೆ ಹರಿಯುತ್ತೆ. ಅದರ ಮೇಲೆ ಎಂಪಿ3 ಮಾಡಿದ್ರೆ ಇನ್ನೊಂದು ಸಮಸ್ಯೆ, ಸೊನ್ನೆಗೆ ತಾಗಿಕೊಂಡೇ ಇರೋ ಅಲೆಯನ್ನ ಡಿಕೋಡ್ ಮಾಡಿದಾಗ ಕೆಲವು ತುದಿ ಸೊನ್ನೆ ದಾಟಿ ಹೋಗುತ್ತೆ, ಪ್ಲೇಯರಲ್ಲಿ ಮತ್ತೊಂದ್ಸಲ ಕ್ಲಿಪ್.

ದಿ ಡೇ ದಟ್ ನೆವರ್ ಕಮ್ಸ್ ಹಾಡಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತೆ. ಸುಮಾರು ಎಂಟು ನಿಮಿಷದ ಹಾಡು, ಶುರುವಲ್ಲಿ ಕ್ಲೀನ್ ಗಿಟಾರ್, ನಿಧಾನಕ್ಕೆ ಕಟ್ಕೊಂಡು ಹೋಗಿ ಕೊನೇಲಿ ಸಿಡಿಯೋ ರಚನೆ. ಹಾಡು ಬರೆದವರ ಲೆಕ್ಕಾಚಾರ ಪೂರ್ತಿ ನಿಂತಿರೋದು ಆ ಏರಿಕೆ ಮೇಲೆ. ಸಿಡಿಯಲ್ಲಿ ದೊಡ್ಡ ಭಾಗ ಬಂದಾಗ ಮೇಲಕ್ಕೆ ಹೋಗೋಕೆ ಜಾಗಾನೇ ಇಲ್ಲ, ಅದು ದೊಡ್ಡದಾಗೋ ಬದ್ಲು ಬರೀ ದಟ್ಟ ಆಗುತ್ತೆ, ಗದ್ದಲ ಆಗುತ್ತೆ. ಗೇಮ್ ರೂಪದಲ್ಲಿ ಅದೇ ಜಾಗದಲ್ಲಿ ಡ್ರಮ್ ಮುಂದೆ ಬಂದು ಹೊಡೆಯುತ್ತೆ.

ಬೈದಿದ್ದು ಯಾರಿಗೆ, ಮಾಡಿದ್ದು ಎಲ್ಲಿ

ಸಿಡಿ ಜೋರಾಗಿದೆ ಅಂದ ತಕ್ಷಣ ಎಲ್ರ ಬೆರಳೂ ಮಾಸ್ಟರಿಂಗ್ ಎಂಜಿನಿಯರ್ ಕಡೆ ತಿರುಗುತ್ತೆ, ಕೊನೇ ಲಿಮಿಟರ್ ಇರೋದು ಅವರ ಕೈಲಿ ಅಂತ. ಇಲ್ಲೂ ಹಂಗೇ ಆಯ್ತು. ಮಾಸ್ಟರಿಂಗ್ ಮಾಡಿದ್ದು ನ್ಯೂಯಾರ್ಕಿನ ಸ್ಟರ್ಲಿಂಗ್ ಸೌಂಡ್ ಸ್ಟುಡಿಯೋದ ಟೆಡ್ ಜೆನ್ಸನ್, ಈ ಫೀಲ್ಡಲ್ಲಿ ದೊಡ್ಡ ಹೆಸರು. ಒಬ್ಬ ಫ್ಯಾನ್ ಅವರಿಗೆ ದೂರು ಬರೆದಾಗ ಅವರು ಕೊಟ್ಟ ಉತ್ತರ ಹೊರಗೆ ಬಂತು, ನನ್ನ ಪ್ರಕಾರ ಈ ಪ್ರಕರಣದಲ್ಲಿ ಅತಿ ಮುಖ್ಯ ಸಾಕ್ಷಿ ಅದೇ. ಮಿಕ್ಸ್‌ಗಳು ತಮ್ಮ ಕೈಗೆ ಬರೋಷ್ಟರಲ್ಲೇ ಗೋಡೆ ಥರ ಒತ್ತಿ ಆಗಿತ್ತು, ತಾವಾಗಿದ್ರೆ ಇಷ್ಟು ದೂರ ಒತ್ತುತ್ತಲೇ ಇರ್ಲಿಲ್ಲ, ಈ ಕೆಲಸದ ಜೊತೆ ಹೆಸರು ಸೇರಿರೋದು ಹೆಮ್ಮೆಯ ವಿಷಯ ಅಲ್ಲ, ಇದರಿಂದ ಜೋರಿನ ಹುಚ್ಚಿನ ವಿರುದ್ಧ ಒಂದು ತಿರುಗೇಟು ಬಂದ್ರೆ ಅಷ್ಟಾದ್ರೂ ಒಳ್ಳೇದಾಯ್ತು ಅನ್ನೋದು ಅದರ ಸಾರಾಂಶ. ಗಿರಾಕಿ ಮೆಟಾಲಿಕಾ ಅಂಥವರು ಇರುವಾಗ ಒಬ್ಬ ಮಾಸ್ಟರಿಂಗ್ ಎಂಜಿನಿಯರ್ ಹಿಂಗೆ ಬರೀತಾರೆ ಅಂದ್ರೆ ಒಳಗೆ ಎಷ್ಟು ಬೆಂದಿರ್ಬೇಕು ಯೋಚ್ನೆ ಮಾಡಿ.

ಬ್ಯಾಂಡ್ ಕಡೆಯಿಂದ ಲಾರ್ಸ್ ಉಲ್ರಿಕ್ ಮಾತಾಡಿದ್ರು, ಸೌಂಡಲ್ಲಿ ಏನೂ ತೊಂದ್ರೆ ಇಲ್ಲ, ಇದು 2008, ನಾವು ರೆಕಾರ್ಡ್ ಮಾಡೋದೇ ಹಿಂಗೆ, ಸ್ಪೀಕರಿಂದ ಎಗರಿ ಬರೋ ಹಂಗೆ ಜೋರಾಗಿ ಜೀವಂತವಾಗಿ ಇರಬೇಕು ಅನ್ನೋದು ರಿಕ್ ರೂಬಿನ್ ಉದ್ದೇಶ, ಕಾರಲ್ಲಿ ಕೇಳ್ತಿದೀನಿ ಸಖತ್ತಾಗಿದೆ ಅನ್ನೋ ಅರ್ಥದಲ್ಲಿ. ಈ ಕಾರಿನ ಮಾತನ್ನ ಜನ ನಗಾಡಿದ್ರು, ನಾನು ಅಷ್ಟು ಸುಲಭಕ್ಕೆ ನಗಲ್ಲ. ಓಡೋ ಕಾರಲ್ಲಿ ಟೈರಿನ ಸದ್ದು ರೋಡಿನ ಸದ್ದು ಇರುತ್ತೆ, ಅಲ್ಲಿ ಅಂತರ ಕಮ್ಮಿ ಇರೋ ಆಡಿಯೋ ನಿಜವಾಗ್ಲೂ ಅನುಕೂಲ, ಮೆಲ್ಲಗಿನ ಭಾಗ ಮುಳುಗಲ್ಲ. ಆದ್ರೆ ಆ ಅನುಕೂಲಕ್ಕೆ ಬೇಕಾಗಿದ್ದು ಒಂದಿಷ್ಟು ಕಂಪ್ರೆಶನ್ನು, ಅದನ್ನ ಕಾರಿನ ಸ್ಟೀರಿಯೋನೇ ಮಾಡ್ಬಹುದು, ಎಫ್‌ಎಂ ಸ್ಟೇಷನ್ ಅಂತೂ ಪ್ರತಿ ಹಾಡನ್ನೂ ತನ್ನದೇ ಪ್ರೊಸೆಸರಲ್ಲಿ ಮತ್ತೆ ಹಿಂಡೇ ಹಿಂಡುತ್ತೆ. ಕೇಳೋ ಕಡೆ ಹಾಕಿದ್ದನ್ನ ಬೇಡ ಅಂದ್ರೆ ಆಫ್ ಮಾಡ್ಬಹುದು. ಸಿಡಿ ಒಳಗೇ ಹಾಕಿದ್ರೆ, ಮನೇಲಿ ರಾತ್ರಿ ಶಾಂತವಾಗಿ ಕೂತು ಕೇಳೋನಿಗೂ ಅದೇ ಗತಿ.

ಇತ್ತ ಆಲ್ಬಮನ್ನ ಮತ್ತೆ ಮಿಕ್ಸ್ ಮಾಡಿ, ಇಲ್ಲಾ ರೀಮಾಸ್ಟರ್ ಮಾಡಿ ಅಂತ ಆನ್‌ಲೈನ್ ಅರ್ಜಿ ಶುರುವಾಗಿ ಹತ್ತು ಸಾವಿರ ಸಹಿ ದಾಟ್ತು. ಇದ್ರಲ್ಲಿ "ಇಲ್ಲಾ" ಅನ್ನೋದೇ ಎಡವಟ್ಟು. ಜೆನ್ಸನ್ ಮಾತು ನಿಜ ಆದ್ರೆ ಅವರ ಹತ್ರ ಹೋದ ಫೈಲಲ್ಲೇ ತುದಿಗಳು ಹೋಗಿದ್ವು, ಆ ಫೈಲಿಂದ ಎಷ್ಟ್ಸಲ ರೀಮಾಸ್ಟರ್ ಮಾಡಿದ್ರೂ ವಾಲ್ಯೂಮ್ ಕಮ್ಮಿ ಮಾಡ್ಬಹುದು ಅಷ್ಟೇ ಹೊರತು ಚಟ್ ವಾಪಸ್ ಬರಲ್ಲ. ಸರಿ ಹೋಗೋದು ಬಿಡಿ ಟ್ರ್ಯಾಕಿಂದ ಮತ್ತೆ ಮಿಕ್ಸ್ ಮಾಡಿದ್ರೆ ಮಾತ್ರ, ಗೇಮ್ ಮಾಡೋರು ಗೊತ್ತಿಲ್ದೇ ಮಾಡಿದ್ದೂ ಅದನ್ನೇ. "ರೀಮಾಸ್ಟರ್ಡ್" ಅಂತ ಸ್ಟಿಕ್ಕರ್ ನೋಡಿ ದುಡ್ಡು ಕೊಡೋ ಮುಂಚೆ ಎಲ್ಲಿಂದ ಶುರು ಮಾಡಿದಾರೆ ಅಂತ ಕೇಳೋ ಅಭ್ಯಾಸ ಇಟ್ಕೊಂಡ್ರೆ ಒಳ್ಳೇದು. ಈ ಆಲ್ಬಮಿಗೆ 2015ರಲ್ಲಿ ಐಟ್ಯೂನ್ಸ್‌ಗೆ ಅಂತ ಬೇರೆ ಮಾಸ್ಟರ್ ಬಂತು, ಉಸಿರಾಡೋಕೆ ಸ್ವಲ್ಪ ಜಾಗ ಜಾಸ್ತಿ ಇದೆ.

ಹೋಲಿಕೆಯಲ್ಲಿ ಎಚ್ಚರ ವಹಿಸಬೇಕಾದ್ದು

ಗೇಮ್ ರೂಪವನ್ನ "ಅಸಲಿ ಡೆತ್ ಮ್ಯಾಗ್ನೆಟಿಕ್" ಅಂತ ಪೂಜೆ ಮಾಡೋರ ಜೊತೆ ನಾನಿಲ್ಲ. ಅದರ ಬ್ಯಾಲೆನ್ಸೇ ಬೇರೆ, ವಾದ್ಯಗಳ ಮಟ್ಟ ಸಿಡಿಯ ಥರ ಕೂತಿಲ್ಲ, ಗೇಮಿಗೆ ಅಂತ ಆಡಿಯೋ ಕ್ವಾಲಿಟಿನೂ ಇಳಿಸಿದಾರೆ, ಹಂಗಾಗಿ ಕೇಳ್ಸೋ ಪ್ರತಿ ವ್ಯತ್ಯಾಸಾನೂ ಲಿಮಿಟರ್ ತಲೆಗೆ ಕಟ್ಟೋಕಾಗಲ್ಲ. ವೇವ್‌ಫಾರ್ಮ್ ಚಿತ್ರ ನೋಡಿ ತೀರ್ಪು ಕೊಡೋದೂ ಅಪಾಯ. ವಿನೈಲಿಂದ ರೆಕಾರ್ಡ್ ಮಾಡಿ ಅಳೆದ್ರೆ ಡಿಆರ್ ನಂಬರ್ ಜಾಸ್ತಿ ಬರುತ್ತೆ, ನೋಡಿ ವಿನೈಲಲ್ಲಿ ಒತ್ತಿಲ್ಲ ಅಂತ ಖುಷಿಪಡ್ತಾರೆ, ಆದ್ರೆ ಮಾಸ್ಟರ್ ಅದೇ ಇದ್ರೂ ವಿನೈಲ್ ಕಡಿಯುವಾಗ ಮತ್ತೆ ಸೂಜಿ ಓದುವಾಗ ಅಲೆಯ ಫೇಸ್ (ಬೇರೆ ಬೇರೆ ಕಂಪನಗಳು ಒಂದಕ್ಕೊಂದು ಕೂಡೋ ಸಮಯ) ಅಲ್ಲಾಡಿ ಚಪ್ಪಟೆ ತುದಿ ಮತ್ತೆ ಏರುಪೇರಾಗಿ ಕಾಣುತ್ತೆ, ಮೀಟರ್ ಮೋಸ ಹೋಗುತ್ತೆ.

ಕಿವಿಯಿಂದ ಹೋಲಿಸೋದೇ ಸರಿ, ಅದಕ್ಕೂ ಒಂದು ಕ್ರಮ ಇದೆ. ಎರಡನ್ನೂ ಆಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರ್ ಆದ ಆಡಾಸಿಟಿಗೋ ರೀಪರ್‌ಗೋ ಹಾಕಿ ಜೋರಿರೋದನ್ನ ಇಳಿಸಿ ಸರಾಸರಿ ಮಟ್ಟ ಸಮ ಮಾಡ್ಕೊಳ್ಳಿ, ಪೀಕ್ ಸಮ ಮಾಡಿದ್ರೆ ಉಪಯೋಗ ಇಲ್ಲ. ಆಮೇಲೆ ಹಾಗೇ ಬದಲಾಯಿಸ್ತಾ ಕೇಳಿ. ಮಟ್ಟ ಸಮ ಆದ ತಕ್ಷಣ ಸಿಡಿಯ ದೊಡ್ಡ ಗೆಲುವು ಮಾಯ, ಮೊದಲು "ಪವರ್‌ಫುಲ್" ಅನ್ಸಿದ್ದು ಈಗ ಚಪ್ಪಟೆ ಅನ್ಸುತ್ತೆ.

ವ್ಯಾಪಾರದ ಲೆಕ್ಕ

ಇಷ್ಟೆಲ್ಲ ಗಲಾಟೆ ಆದ್ಮೇಲೂ ಆಲ್ಬಮ್ ಸೋತಿಲ್ಲ, ಇದನ್ನ ಮುಚ್ಚಿಡಬಾರದು. ಅಮೆರಿಕದಲ್ಲಿ ಮೊದಲ ಮೂರೇ ದಿನಕ್ಕೆ 4,90,000 ಪ್ರತಿ ಹೋಗಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಬಂತು. ಮುಂದಿನ ವರ್ಷ ಮೈ ಅಪೋಕಲಿಪ್ಸ್ ಹಾಡಿಗೆ ಗ್ರ್ಯಾಮಿ ಸಿಕ್ತು, ರಿಕ್ ರೂಬಿನ್‌ಗೆ ವರ್ಷದ ಪ್ರೊಡ್ಯೂಸರ್ ಗ್ರ್ಯಾಮಿನೂ ಸಿಕ್ತು, ಅವರು ಆ ವರ್ಷ ಮಾಡಿದ ಕೆಲಸಗಳ ಪಟ್ಟಿಯಲ್ಲಿ ಇದೂ ಇತ್ತು. ಅದೇ 2008ರ ನವೆಂಬರಲ್ಲಿ ಗನ್ಸ್ ಎನ್ ರೋಸಸ್‌ನ ಚೈನೀಸ್ ಡೆಮಾಕ್ರಸಿ ಬಂತು, ಮಾಸ್ಟರಿಂಗ್ ಮಾಡಿದ ಬಾಬ್ ಲಡ್ವಿಗ್ ಮೂರು ರೂಪ ಕೊಟ್ಟಾಗ ಬ್ಯಾಂಡ್ ಕಡೆಯವರು ಅತಿ ಕಮ್ಮಿ ಒತ್ತಿದ್ದನ್ನೇ ಆರಿಸ್ಕೊಂಡ್ರು, ಮೆಟಾಲಿಕಾ ವಿರುದ್ಧ ಎದ್ದ ಗಲಾಟೆಯೂ ಅವರ ಕಣ್ಮುಂದೆ ಇತ್ತು. ಅಂದ್ರೆ ಒಳ್ಳೇ ಸೌಂಡಿಂದ ಮಾರಾಟ ಜಾಸ್ತಿ ಆಗುತ್ತೆ ಅಂತಲೂ ಇಲ್ಲ, ಜೋರು ಮಾಡದಿದ್ರೆ ಮಾರಾಟ ಬೀಳುತ್ತೆ ಅನ್ನೋ ಕಂಪನಿಗಳ ಭಯಕ್ಕೂ ಆಧಾರ ಇಲ್ಲ. ವರ್ಷಗಟ್ಲೆ ಡ್ರಮ್ಮಿನ ತಲೆ ಕತ್ತರಿಸಿದ್ದು ಒಂದು ಭಯಕ್ಕೆ ಅಷ್ಟೇ.

ಆಮೇಲೆ ಪರಿಸ್ಥಿತಿ ಬದಲಾಗಿದ್ದು ಅರ್ಜಿಯಿಂದಲೂ ಅಲ್ಲ, ಯಾರ ಮನಸ್ಸು ಬದಲಾಗಿಯೂ ಅಲ್ಲ, ಅಳತೆಗೋಲಿಂದ. ಜೋರು ಎಷ್ಟು ಅಂತ ಕಿವಿ ಥರಾನೇ ಅಳೆಯೋ ವಿಧಾನವನ್ನ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ 2006ರಲ್ಲಿ ಗೊತ್ತು ಮಾಡ್ತು, 2010ರಲ್ಲಿ ಯುರೋಪಿನ ಪ್ರಸಾರಕರು ಅದರ ಮೇಲೆ ಆರ್128 ಅನ್ನೋ ನಿಯಮ ತಂದ್ರು, ಆಮೇಲೆ ಸ್ಟ್ರೀಮಿಂಗ್ ಕಂಪನಿಗಳೂ ಅದೇ ದಾರಿ ಹಿಡಿದ್ವು. ಈಗ ಸ್ಪಾಟಿಫೈಯಲ್ಲಿ ನಾರ್ಮಲೈಸೇಶನ್ (ಹಾಡುಗಳ ಜೋರನ್ನ ಸಮ ಮಾಡೋ ಸೆಟ್ಟಿಂಗ್) ಆನ್ ಇದ್ರೆ ಎಲ್ಲಾ ಹಾಡನ್ನೂ ಸುಮಾರು -14 ಎಲ್‌ಯುಎಫ್‌ಎಸ್ (ಈ ವಿಧಾನದಲ್ಲಿ ಜೋರು ಅಳೆಯೋ ಮಾನ) ಮಟ್ಟಕ್ಕೆ ತರುತ್ತೆ, ಯೂಟ್ಯೂಬ್ ಕೂಡ ಜೋರಿರೋದನ್ನ ಹೆಚ್ಚುಕಮ್ಮಿ ಅಲ್ಲಿಗೇ ಇಳಿಸುತ್ತೆ, ಆಪಲ್ ಮ್ಯೂಸಿಕ್ -16ರ ಹತ್ರ. ಡೆತ್ ಮ್ಯಾಗ್ನೆಟಿಕ್ ಸಿಡಿಯಷ್ಟು ಒತ್ತಿದ ಹಾಡು ಅಲ್ಲಿಗೆ ಹೋದ್ರೆ ಆಪ್ ಅದನ್ನ ಹಲವು ಡೆಸಿಬೆಲ್ ಇಳಿಸುತ್ತೆ. ಗಳಿಸಿದ ಜೋರು ಪೂರ್ತಿ ಕೈಬಿಟ್ಟು ಹೋಗುತ್ತೆ, ಕಳ್ಕೊಂಡ ಚಟ್ ಮಾತ್ರ ವಾಪಸ್ ಬರಲ್ಲ, ಪಕ್ಕದಲ್ಲಿ 1986ರ ಮಾಸ್ಟರ್ ಆಫ್ ಪಪೆಟ್ಸ್ ಅದೇ ಮಟ್ಟದಲ್ಲಿ ಬಂದಾಗ ಡ್ರಮ್ ಎದ್ದು ಹೊಡೆಯುತ್ತೆ, ಇದು ಹಿಂದೆ ಸರಿದು ಕೂರುತ್ತೆ.

ಮೆಟಾಲಿಕಾ 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ಬಾರ್ಸಿದಾಗಿಂದ ಇಲ್ಲಿ ಬ್ಯಾಂಡ್ ಕಟ್ಟಿದ ಹುಡುಗರು ಕಮ್ಮಿ ಏನಿಲ್ಲ, ಈಗ ಮನೇಲೇ ಲ್ಯಾಪ್‌ಟಾಪಲ್ಲಿ ರೆಕಾರ್ಡ್ ಮಾಡಿ ಹಾಡು ಹಾಕೋರೂ ಸುಮಾರು ಜನ ಇದಾರೆ. ಅವರಿಗೆ ಈ ಪ್ರಕರಣದಿಂದ ಕೆಲಸಕ್ಕೆ ಬರೋದು ಇಷ್ಟು: ಮಿಕ್ಸ್ ಮಾಡುವಾಗ ಮಾಸ್ಟರ್ ಚಾನೆಲ್ ಮೇಲೆ ಲಿಮಿಟರ್ ಹಾಕ್ಕೊಂಡು ಕೇಳೋದು ತಪ್ಪೇನಲ್ಲ, ಆದ್ರೆ ಮಾಸ್ಟರಿಂಗಿಗೆ ಕಳ್ಸೋ ಫೈಲಲ್ಲಿ ಅದನ್ನ ತೆಗೆದು ಪೀಕಿಗೆ ಒಂದಷ್ಟು ಡೆಸಿಬೆಲ್ ಜಾಗ ಬಿಟ್ಟು ಕಳ್ಸಿ, ಬೇಕಿದ್ರೆ ಲಿಮಿಟರ್ ಹಾಕಿದ ಇನ್ನೊಂದು ಫೈಲನ್ನ "ಹಿಂಗೆ ಬೇಕು" ಅಂತ ತೋರ್ಸೋಕೆ ಜೊತೆಗೆ ಇಡಿ. ಬಿಡಿ ಟ್ರ್ಯಾಕ್‌ಗಳನ್ನ ಎರಡು ಬೇರೆ ಬೇರೆ ಡಿಸ್ಕಲ್ಲಿ ಇಟ್ಕೊಳ್ಳಿ. ಕ್ಲೈಂಟು ಕೂತು "ಬೇರೆ ಹಾಡಿಗಿಂತ ನಮ್ದು ಮೆಲ್ಲಗಿದೆ" ಅಂದ್ರೆ ಲಿಮಿಟರ್ ಮುಟ್ಟೋ ಮುಂಚೆ ಎರಡೂ ಹಾಡಿನ ಮಟ್ಟ ಸಮ ಮಾಡಿ ಒಂದ್ಸಲ ಕೇಳ್ಸಿ, ಆಮೇಲೂ ಅದೇ ಬೇಕು ಅಂದ್ರೆ ಹಾಡು ಅವರದ್ದು, ಮಾಡ್ಕೊಡಿ, ಒತ್ತದೇ ಇರೋ ಮಿಕ್ಸನ್ನ ಮಾತ್ರ ಡಿಲೀಟ್ ಮಾಡ್ಬೇಡಿ.